ಹೆಸರು ಮುಚ್ಚಿದೆವು, ಮನೆ ಕಾಣಿಸಿತು

ಈ ಬರಹದಲ್ಲಿ ಊರಿನ ಹೆಸರಿಲ್ಲ, ತಾಲೂಕಿನ ಹೆಸರೂ ಇಲ್ಲ. ಯಾದಗಿರಿ ಜಿಲ್ಲೆ ಅನ್ನುವುದಷ್ಟನ್ನು ಉಳಿಸಿಕೊಂಡಿದ್ದೇನೆ. ಹುಡುಗಿಯ ತಂದೆಯ ಕಸುಬು, ಮನೆಮಂದಿಯ ಲೆಕ್ಕ, ತಿಂಗಳು ಇವನ್ನೆಲ್ಲ ಬೇಕೆಂದೇ ಅತ್ತಿತ್ತ ಮಾಡಿದ್ದೇನೆ. ಇಷ್ಟೊಂದು ಮುಚ್ಚುಮರೆ ಯಾಕೆ ಎಂದು ಕೇಳಬಹುದು. ಬಾಲ್ಯವಿವಾಹವೊಂದನ್ನು ತಡೆದ ಸುದ್ದಿಯನ್ನು ಮೊದಲ ಸಲ ಪತ್ರಿಕೆಗಳಿಗೆ ಕೊಟ್ಟಾಗ ನಾವು ಹುಡುಗಿಯ ಹೆಸರೊಂದನ್ನು ಮುಚ್ಚಿ ಉಳಿದದ್ದನ್ನೆಲ್ಲ ಬಿಚ್ಚಿಟ್ಟಿದ್ದೆವು. ಅದರಿಂದ ಏನಾಯಿತು, ಎರಡನೇ ಸಲ ಪತ್ರಕರ್ತರ ಬಳಿ ಹೋದಾಗ ಏನು ಬದಲಾಯಿಸಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಐದು ಜನರ ಸಣ್ಣ ಸಂಸ್ಥೆ. ಬಾಡಿಗೆ ಕೋಣೆ ಒಂದು, ಬೈಕು ಎರಡು. ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸುವುದು ನಮ್ಮ ಕೆಲಸ. ನಮ್ಮ ಕಡೆ ಅಪ್ಪ ಅವ್ವ ಬೆಂಗಳೂರಿಗೋ ಮುಂಬೈಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ. ಮಗಳು ಆಯಿಯ, ಅಂದರೆ ಅಜ್ಜಿಯ, ಹತ್ತಿರ ಉಳಿಯುತ್ತಾಳೆ. ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಿಗ್ಗೆ ಮೂರು ಗಾಲಿಯ ಟಂಟಂ ಹತ್ತುತ್ತಾಳೆ, ಆಮೇಲೆ ಮೆಣಸಿನಕಾಯಿ ಹೊಲಕ್ಕೆ. ವಯಸ್ಸಿಗೆ ಬಂದ ಹುಡುಗಿಯನ್ನು ಮುದುಕಿಯ ಕೈಯಲ್ಲಿ ಬಿಟ್ಟು ಹೋಗಲು ಹೆದರುವ ತಂದೆ ತಾಯಿ, ಬೇಸಿಗೆಯಲ್ಲಿ ಊರಿಗೆ ಬಂದಾಗ ಮದುವೆ ಮುಗಿಸಿಬಿಡುತ್ತಾರೆ. ಬಸವ ಜಯಂತಿ, ಅಕ್ಷಯ ತೃತೀಯ ಒಂದೇ ದಿನ ಬರುವುದರಿಂದ ಮುಹೂರ್ತ ಕೇಳುವ ಗೋಜೂ ಇಲ್ಲ. ಸಂಸ್ಥೆಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಲು ಬರುವುದು ನನಗೊಬ್ಬಳಿಗೇ. ಹಾಗಾಗಿ ಪತ್ರಿಕೆಯವರ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಯಾವ ಅರ್ಹತೆಯೂ ಇರಲಿಲ್ಲ.

ಮುಚ್ಚಳಿಕೆಯ ರಾತ್ರಿ

ಬಸವ ಜಯಂತಿಗೆ ಎರಡು ದಿನ ಇರುವಾಗ ಮಕ್ಕಳ ಸಹಾಯವಾಣಿ 1098ಕ್ಕೆ ಯಾರೋ ಫೋನ್ ಮಾಡಿದರು. ರಾತ್ರಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಪೊಲೀಸರು, ಪಿಡಿಒ ಬಂದರು, ಹಿಂದೆಯೇ ನಾವೂ ಹೋದೆವು. ಅರ್ಧ ಹಾಕಿದ ಪೆಂಡಾಲು, ನೆಲದ ಮೇಲೆ ಸೋಸಿಟ್ಟ ಅಕ್ಕಿ. ಹುಡುಗಿಗೆ 15 ವರ್ಷ. ಶಾಲೆಯ ದಾಖಲಾತಿ ನೋಡಿದರು, ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡರು: 18 ತುಂಬುವ ತನಕ ಮಗಳ ಮದುವೆ ಮಾಡುವುದಿಲ್ಲ. ತಂದೆ ಸಹಿ ಹಾಕುವಾಗ ಐದಾರು ಮೊಬೈಲುಗಳು ಒಟ್ಟಿಗೆ ಮೇಲೆದ್ದವು. ಅದರಲ್ಲಿ ನನ್ನದೂ ಒಂದು.

ಮರುದಿನ ಸಂಜೆ 5ಕ್ಕೆ ನಾನೇ ಪತ್ರಿಕಾ ಪ್ರಕಟಣೆ ಬರೆದು, ಎಲ್ಲ ವರದಿಗಾರರೂ ಇರುವ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಹೆಸರು ಹಾಕಲಿಲ್ಲ. ಹಾಕಬಾರದು ಎಂದು ಗೊತ್ತಿತ್ತು. ಜಾಣತನ ಅಲ್ಲಿಗೆ ಮುಗಿಯಿತು. ನಾನು ಬರೆದದ್ದು ಹೀಗೆ: ಇಂಥ ಗ್ರಾಮದ, ಟಂಟಂ ಚಾಲಕರೊಬ್ಬರ ಮಗಳಾದ, ಸರಕಾರಿ ಪ್ರೌಢಶಾಲೆಯಲ್ಲಿ 9ನೇ ತರಗತಿ ಮುಗಿಸಿದ 15 ವರ್ಷದ ಬಾಲಕಿ. ಆ ಊರಿನಲ್ಲಿರುವುದು ಒಂದೇ ಪ್ರೌಢಶಾಲೆ. ಟಂಟಂ ಓಡಿಸುವವರು ಇಬ್ಬರು. ಅವರಲ್ಲಿ ಒಬ್ಬನಿಗೆ ಇರುವುದೆಲ್ಲ ಗಂಡುಮಕ್ಕಳು.

ಫೋಟೊದಲ್ಲಿ ಹುಡುಗಿಯ ಮುಖವನ್ನು ಬೆರಳಿನಿಂದ ಉಜ್ಜಿ ಮಸುಕು ಮಾಡಿದ್ದೆ. ಅವಳ ಹಿಂದೆ ನೀಲಿ ಬಾಗಿಲು ಸ್ಪಷ್ಟವಾಗಿ ಕಾಣುತ್ತಿತ್ತು, ಹೊಸ್ತಿಲಲ್ಲಿ ಆಯಿ ನಿಂತಿದ್ದಳು. ಕೊನೆಯ ಸಾಲಿನಲ್ಲಿ ಉಪಕಾರ ಸ್ಮರಣೆ ಬೇರೆ: ಸ್ಥಳೀಯ ಅಂಗನವಾಡಿ ಕಾರ್ಯಕರ್ತೆಯ ಸಹಕಾರಕ್ಕೆ ಧನ್ಯವಾದ. ಫೋನ್ ಮಾಡಿದವಳು ಅವಳಲ್ಲ. ಆ ರಾತ್ರಿ ನಮಗೆ ಚಹಾ ಕೊಟ್ಟಿದ್ದಳು, ಅಷ್ಟೆ.

ನಾಲ್ಕು ಪತ್ರಿಕೆಗಳಲ್ಲಿ ಜಿಲ್ಲಾ ಪುಟದಲ್ಲಿ ಬಂತು, ಬಹುತೇಕ ನನ್ನದೇ ವಾಕ್ಯಗಳಲ್ಲಿ. ನಾವು ಕಚೇರಿಯಲ್ಲಿ ಕತ್ತರಿಸಿ ಫೈಲಿಗೆ ಅಂಟಿಸುತ್ತಿರುವಾಗ ಅತ್ತ ಯೂಟ್ಯೂಬ್ ಚಾನೆಲ್ಲಿನ ಹುಡುಗ ಲೋಗೊ ಹಾಕಿದ ಮೈಕು ಹಿಡಿದು ನೀಲಿ ಬಾಗಿಲು ಹುಡುಕಿಕೊಂಡು ಹೋಗಿದ್ದ. ಆಯಿಯ ಮುಖಕ್ಕೆ ಮೈಕು ಹಿಡಿದು ಕೇಳಿದ, 'ಸಣ್ಣ ಪೋರಿ ಮದಿವಿ ಯಾಕ ಮಾಡ್ಲಿಕ್ಕತ್ತಿದ್ರಿ?' ಆಯಿ ಸೆರಗು ಮುಖಕ್ಕೆ ಎಳೆದುಕೊಂಡಳು. ವಿಡಿಯೊ ಒಂದೂಮುಕ್ಕಾಲು ನಿಮಿಷ ಇದೆ. ಇಡೀ ಹೊತ್ತು ಹಿಂದಿನಿಂದ ಒಂದು ಮೇಕೆ ಒದರುತ್ತದೆ. ಊರವರಿಗೆ ಆ ಮೇಕೆ ಯಾರದೆಂದೂ ಗೊತ್ತು.

ಎರಡು ವಾರ ಆ ಓಣಿಯವರು ಅಂಗನವಾಡಿಗೆ ಮಕ್ಕಳನ್ನು ಕಳಿಸಲಿಲ್ಲ. ಹುಡುಗಿ ನೀರಿಗೂ ಹೊರಗೆ ಬರಲಿಲ್ಲ. ಏಳು ವಾರಕ್ಕೆ ತೆಲಂಗಾಣದ ಗಡಿ ದಾಟಿ, ಒಂದು ಗುಡಿಯಲ್ಲಿ, ಐದಾರು ಜನ ಸೇರಿ ಅವಳ ಮದುವೆ ಮಾಡಿ ಮುಗಿಸಿದರು. ಮುಚ್ಚಳಿಕೆ ಬರೆಸಿಕೊಂಡವರು ಆ ಏಳು ವಾರದಲ್ಲಿ ಒಮ್ಮೆಯೂ ಆ ಮನೆಗೆ ಹೋಗಿರಲಿಲ್ಲ. ನಾವು ಹೋಗಿದ್ದೆವು, ಒಂದೇ ಸಲ. ಬಾಗಿಲು ತೆಗೆಯಲಿಲ್ಲ.

ಬಹಳ ದಿನಗಳ ಮೇಲೆ ಅವಳ ತಾಯಿ ನನಗೆ ಹೇಳಿದ ಮಾತು: 'ಪೇಪರ್‌ನ್ಯಾಗ ಬಂದ ಮ್ಯಾಲ ಆಕೀನ ಯಾರ್ ಮಾಡ್ಕೊಂತಾರ್ರಿ ಅಕ್ಕಾರ? ಬಂದ ವರ ಬಿಡಬ್ಯಾಡ್ರಿ ಅಂದ್ರು ಎಲ್ಲಾರೂ.' ವರದಿ ಬಾರದಿದ್ದರೆ ಮದುವೆಯೇ ಆಗುತ್ತಿರಲಿಲ್ಲ ಎಂದು ನಾನು ಹೇಳಲಾರೆ. ವರದಿ ಬಂದದ್ದರಿಂದ ಅವಸರವಾಯಿತು ಎಂಬುದನ್ನು ಮಾತ್ರ ಅಲ್ಲಗಳೆಯಲಾರೆ.

ಕಾನೂನು ನಮಗೂ ಇತ್ತು

ಸಂಸ್ಥೆಗಳಲ್ಲಿ ಒಂದು ನಂಬಿಕೆ ಇದೆ. ಗುರುತು ಮರೆಮಾಚುವುದು ಪತ್ರಿಕೆಯವರ ಜವಾಬ್ದಾರಿ, ಮಾಹಿತಿ ಕೊಡುವುದಷ್ಟೇ ನಮ್ಮದು ಎಂದು. ನಾನೂ ಹಾಗೇ ತಿಳಿದಿದ್ದೆ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಓದಿದ ಮೇಲೆ ಆ ನಂಬಿಕೆ ಹೋಯಿತು. ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಬೇರೆ ಯಾವುದೇ ವಿವರ, ಫೋಟೊ, ಇವು ಪತ್ರಿಕೆಯಲ್ಲಾಗಲಿ ಟಿವಿಯಲ್ಲಾಗಲಿ 'ಇತರ ಸಂವಹನ ರೂಪ'ದಲ್ಲಾಗಲಿ ಬರುವಂತಿಲ್ಲ. 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಾಲ್ಯವಿವಾಹದ ಅಪಾಯದಲ್ಲಿರುವ ಮಗು ಆ ಕಾಯ್ದೆಯ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವೇ. ವಾಟ್ಸ್‌ಆ್ಯಪ್ ಗ್ರೂಪು ಸಂವಹನವಲ್ಲದೆ ಇನ್ನೇನು? ನನ್ನ ಪ್ರಕಟಣೆಯಲ್ಲಿ ಊರಿತ್ತು, ಶಾಲೆ ಇತ್ತು, ಮನೆಯ ಬಾಗಿಲೂ ಇತ್ತು.

ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಕೊಟ್ಟ ತೀರ್ಪಿನಲ್ಲಿ ನಮ್ಮ ತಪ್ಪಿನ ಪಡಿಯಚ್ಚು ಇದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹುಡುಗಿಯೊಬ್ಬಳನ್ನು ಹೆಸರಿಲ್ಲದೆ, ಬೋರ್ಡ್ ಪರೀಕ್ಷೆಯಲ್ಲಿ ರಾಜ್ಯಕ್ಕೆ ಮೊದಲು ಬಂದವಳು ಎಂದು ಬರೆದರೆ ಅವಳು ಯಾರೆಂದು ಹುಡುಕಲು ಮಹಾ ವಿದ್ಯೆ ಬೇಕಾಗಿಲ್ಲ ಎಂಬರ್ಥದ ಮಾತು ಅಲ್ಲಿದೆ. ರಾಜ್ಯಕ್ಕೆ ಮೊದಲು ಬಂದವಳು ಒಬ್ಬಳೇ. ನಮ್ಮ ಊರಿನ ಟಂಟಂ ಲೆಕ್ಕವೂ ಅದೇ.

ವಾಪಸ್ ಬಂದಳು

ನಾಲ್ಕು ತಿಂಗಳಿಗೆ ಹುಡುಗಿಯ ದೊಡ್ಡವ್ವ ಅವಳನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಳು. ಗಂಡನ ಮನೆಯಲ್ಲಿ ಏನಾಯಿತು ಎಂಬುದು ಇಲ್ಲಿ ಬೇಡ. ಆಗ ನಾವು ಮಾಡಿದ ಮೊದಲ ಕೆಲಸ ಮಕ್ಕಳ ಕಲ್ಯಾಣ ಸಮಿತಿಗೆ ಹೋದದ್ದು. 18ರೊಳಗಿನ ಹುಡುಗಿಯ ಜೊತೆ ಗಂಡನೇ ಸಂಸಾರ ಮಾಡಿದರೂ ಅದು ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಅದರ ಅಡಿ ಅಪರಾಧ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಸೆಕ್ಷನ್ 21ರ ಪ್ರಕಾರ ನಮಗೂ ಶಿಕ್ಷೆ. ಬಾಲ್ಯವಿವಾಹ ನಿಷೇಧ ಕಾಯ್ದೆಯ 2016ರ ಕರ್ನಾಟಕ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ದೂರು ದಾಖಲಾಯಿತು, ಮದುವೆ ಮಾಡಿಸಿದವರಲ್ಲಿ ತಂದೆಯ ಹೆಸರೂ ಬಂತು. ಹುಡುಗಿಗೆ ಹಾಸ್ಟೆಲು ಸಿಕ್ಕಿತು, 10ನೇ ತರಗತಿಗೆ ಸೇರಿದಳು.

ಮತ್ತೆ ಪತ್ರಿಕೆಗೆ ಹೋಗುವ ಮಾತು ತೆಗೆದದ್ದು ನಾನಲ್ಲ. ಮೊದಲ ಸುಟ್ಟ ಗಾಯ ನನ್ನ ಕೈಯದೇ ಆದ್ದರಿಂದ ನಾನು ಬೇಡವೇ ಬೇಡ ಎಂದಿದ್ದೆ. ದೇಣಿಗೆ ಕೊಡುವವರು ಸಕ್ಸೆಸ್ ಸ್ಟೋರಿ ಕಳಿಸಿ, ಜೊತೆಗೆ ಫೋಟೊ ಇರಲಿ ಎಂದು ಬರೆದಾಗಲೂ ಇಲ್ಲ ಎಂದೆವು. ಆದರೆ ಒಂದು ದಿನ ಹಾಸ್ಟೆಲಿನಲ್ಲಿ ಅವಳೇ ಹೇಳಿದಳು, 'ಅಕ್ಕಾ, ಅವತ್ತು ರಾತ್ರಿ ಅಷ್ಟು ಮಂದಿ ಬಂದಿದ್ರಲ್ಲ, ಮತ್ತ ಯಾರೂ ಬರ್ಲಿಲ್ಲ. ಅದನ್ನ ಬರೀರಿ.' ನಮ್ಮ ಪ್ರಕಟಣೆಯಲ್ಲಿ ಇರಬೇಕಾಗಿದ್ದ ಸುದ್ದಿ ಅದೇ. ನಾವು ಮದುವೆ ತಡೆದ ಸುದ್ದಿ ಬರೆದಿದ್ದೆವು. ತಡೆದ ಮೇಲೆ ಏನು ಎಂಬ ಪ್ರಶ್ನೆ ನಮಗೆ ಹೊಳೆದಿರಲಿಲ್ಲ.

ಅವಳ ಜೊತೆ ಮೂರು ಸಲ ಕೂತೆವು, ಪ್ರತಿ ಸಲ ಆಪ್ತ ಸಮಾಲೋಚಕಿ ಇದ್ದರು. ಹಾಳೆಯಲ್ಲಿ ಮೂರು ಕಾಲಂ ಹಾಕಿದೆವು: ಹೇಳಬಹುದು, ಹೇಳಬಾರದು, ಮೊದಲು ನನ್ನ ಕೇಳಬೇಕು. ಹೇಳಬಾರದು ಎಂಬಲ್ಲಿ ಗಂಡನ ಊರು ಮೊದಲು ಬರುತ್ತದೆ ಎಂದುಕೊಂಡಿದ್ದೆ. ಅವಳು ಮೊದಲು ಬರೆಸಿದ್ದು ಆಯಿ. 'ಆಯಿ ಸುದ್ದಿ ಬ್ಯಾಡ. ಆಕಿ ಏನೂ ಮಾಡಿಲ್ಲ.' ಎರಡನೆಯದು ಹಾಸ್ಟೆಲು. ಮೂರನೆಯದು ನನಗೆ ಈಗಲೂ ಅಚ್ಚರಿ: ಅವಳು ಓಟದಲ್ಲಿ ಹೋಬಳಿ ಮಟ್ಟದಲ್ಲಿ ಗೆದ್ದಿದ್ದಳು, ಅದನ್ನು ಬರೆಯಬಾರದು. ಅದು ಪತ್ರಿಕೆಗೆಂದು ಬರೆದಿಟ್ಟ ನಮ್ಮ ಟಿಪ್ಪಣಿಯ ಎರಡನೇ ಸಾಲಿನಲ್ಲೇ ಇತ್ತು. ಓದುಗರ ಮನಸ್ಸು ಕರಗಲಿ ಎಂದು ನಾನೇ ಹಾಕಿದ್ದೆ. ಬೋರ್ಡಿಗೆ ಮೊದಲು ಬಂದ ಹುಡುಗಿಯ ತೀರ್ಪು ಓದಿ ಮುಗಿಸಿದವಳೂ ನಾನೇ.

ಅವಳು ಒಪ್ಪಿದ್ದರಿಂದ ಎಲ್ಲ ಮುಗಿಯಲಿಲ್ಲ. 18 ತುಂಬದವಳ ಒಪ್ಪಿಗೆ ಕಾನೂನಿನ ಕಣ್ಣಿಗೆ ಸಾಲದು, ತಂದೆ ಆರೋಪಿಯಾದ್ದರಿಂದ ಅವನ ಸಹಿ ಹಿಡಿಯುವಂತಿಲ್ಲ. ಏನು ಹೇಳುತ್ತೇವೆ, ಏನು ಹೇಳುವುದಿಲ್ಲ ಎಂದು ಒಂದು ಪುಟದಲ್ಲಿ ಬರೆದು ಸಮಿತಿಗೆ ಕೊಟ್ಟೆವು. ನಮಗೆ ಗುರುತು ಬಯಲು ಮಾಡುವ ಅನುಮತಿ ಬೇಕಿರಲಿಲ್ಲ. ನಾವು ಕೇಳಿದ್ದು ಇಷ್ಟು: ಇದರಲ್ಲಿ ಮಗುವಿಗೆ ಕೆಡುಕಾಗುವಂಥದ್ದು ಇನ್ನೇನಾದರೂ ಉಳಿದಿದೆಯೇ? ಅವರು ಒಂದು ಸಾಲು ಹೊಡೆದು ಹಾಕಿದರು. ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಮೊಕದ್ದಮೆಯ ಬಗ್ಗೆ ನಾವು ಬರೆದಿದ್ದ ಸಾಲು ಅದು.

ಯಾರ ಹತ್ತಿರ ಹೋಗುವುದು

ಈ ಸಲ ಗ್ರೂಪಿಗೆ ಹಾಕಲಿಲ್ಲ. ಎರಡು ತಿಂಗಳು ಕಲಬುರಗಿ ಆವೃತ್ತಿಗಳ ಜಿಲ್ಲಾ ಪುಟ ಓದಿದೆ. ಯಾರು ಗುಳೆ ಹೋದವರ ಮಕ್ಕಳ ಬಗ್ಗೆ ಬರೆಯುತ್ತಾರೆ, ಯಾರು ಹೆಣ್ಣುಮಕ್ಕಳ ಸುದ್ದಿಯಲ್ಲಿ ಓಣಿ ಹೆಸರು ಹಾಕುತ್ತಾರೆ, ಯಾರ ವರದಿಯಲ್ಲಿ ಅಧಿಕಾರಿಯ ಮಾತೂ ಇರುತ್ತದೆ, ಇದೆಲ್ಲ ಗುರುತು ಹಾಕಿಕೊಂಡೆ. ತಾಲೂಕಿನ ಅರೆಕಾಲಿಕ ವರದಿಗಾರರನ್ನು ಬಿಟ್ಟೆವು. ಅವರು ಕೆಟ್ಟವರು ಎಂದಲ್ಲ. ನಮ್ಮ ತಾಲೂಕಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಊರು ಬಲ್ಲವರು ಅವರೇ. ತೊಡಕು ಇದ್ದದ್ದೂ ಅಲ್ಲೇ. ಒಬ್ಬರ ಭಾವನ ಮನೆ ಆ ಊರಿನಲ್ಲೇ ಇತ್ತು, ಮದುವೆ ಮಾಡಿಸಿದವರ ಓಣಿಯಲ್ಲೇ. ಅವರಿಗೆ ಬರುವ ಸಂಭಾವನೆ ಬಹಳ ಕಡಿಮೆ, ಜಾಹೀರಾತು ತರುವ ಹೊರೆಯೂ ತಲೆ ಮೇಲೆ. ಅಂಥವರನ್ನು ನೆಂಟರ ವಿರುದ್ಧ ನಿಲ್ಲಿಸುವುದು ನ್ಯಾಯವಲ್ಲ. ಇನ್ನೊಂದು ಕಡೆಯಿಂದ, ವಿಶೇಷ ಪುಟ ಮಾಡೋಣ, ಪುರವಣಿಗೆ ಒಂದು ಜಾಹೀರಾತು ಕೊಡಿ ಎಂಬ ಮಾತು ಬಂತು. ಆಗಲ್ಲ ಎಂದೆವು. ಕಾಸು ಕೊಟ್ಟು ಬರೆಸಿದರೆ ನಾಳೆ ಅದೇ ಕಾಸು ಕೊಟ್ಟು ಆಚೆಯವರೂ ಬರೆಸುತ್ತಾರೆ.

ಕೊನೆಗೆ ಕಲಬುರಗಿ ಬ್ಯೂರೊದ ಒಬ್ಬ ವರದಿಗಾರರಿಗೆ ಫೋನ್ ಮಾಡಿದೆ, ಬೆಳಿಗ್ಗೆ 11ಕ್ಕೆ. ಸಂಜೆ 4ರ ಮೇಲೆ ಯಾವ ವರದಿಗಾರರೂ ಕಿವಿಗೊಟ್ಟು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಮಾಹಿತಿ ಏನೂ ಕೊಡದೆ, ಸೂಕ್ಷ್ಮ ವಿಷಯ ಇದೆ, ಅವಸರವಿಲ್ಲ, ಮುಖಾಮುಖಿ ಮಾತಾಡಬೇಕು ಎಂದೆ. ವಾಡಿ ಮೇಲೆ ಹೋಗುವ ಬೆಳಗಿನ ರೈಲು ಹಿಡಿದು ಹೋದೆ.

ಚಹಾದಂಗಡಿಯಲ್ಲಿ ಕೂತ ಕೂಡಲೇ ನಾನು ಕಥೆ ಶುರುಮಾಡಲು ಹೋದೆ. ಅವರೇ ತಡೆದರು. 'ಮೇಡಂ, ನಿಲ್ರಿ. ಮೊದ್ಲು ಹೇಳ್ರಿ, ಇದರಾಗ ಯಾವುದು ಬರಿಯೂದಕ್ಕ, ಯಾವುದು ನನ್ನ ತಿಳುವಳಿಕಿಗಷ್ಟ? ಹೇಳಿ ಆದ ಮ್ಯಾಲ ಆಫ್ ದಿ ರೆಕಾರ್ಡ್ ಅಂದ್ರ ನಾ ಏನ್ ಮಾಡ್ಲಿ?' ಪತ್ರಕರ್ತರ ಬಗ್ಗೆ ನಾನು ಕಲಿತ ಮೊದಲ ಪಾಠವನ್ನು ಕಲಿಸಿದ್ದು ಪತ್ರಕರ್ತರೇ. ಮೂರು ಕಾಲಮ್ಮಿನ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಅವರು ಪೂರ್ತಿ ಓದಿ, ಚಹಾ ಲೋಟ ಅದರ ಅಂಚಿಗೆ ಇಟ್ಟು, ತಮ್ಮ ಕಡೆಯಿಂದ ಆಗುವುದು ಆಗದ್ದು ಹೇಳಿದರು. ಅಚ್ಚಿಗೆ ಹೋಗುವ ಮೊದಲು ವರದಿ ತೋರಿಸುವ ರೂಢಿ ತಮ್ಮಲ್ಲಿಲ್ಲ. ಹುಡುಗಿಗೆ ಸಂಬಂಧಪಟ್ಟ ಪ್ಯಾರಾಗಳನ್ನು ಫೋನಿನಲ್ಲಿ ಓದಿ ಹೇಳಬಲ್ಲೆ. ತಲೆಬರಹ ಡೆಸ್ಕಿನದು, ಅಂದರೆ ಕಚೇರಿಯಲ್ಲಿ ವರದಿ ತಿದ್ದಿ ಪುಟ ಕಟ್ಟುವವರದು, ಅದು ತಮ್ಮ ಕೈಯಲ್ಲಿಲ್ಲ. ಅಧಿಕಾರಿಯ ಹೇಳಿಕೆ ತೆಗೆದುಕೊಳ್ಳದೆ ಬರೆಯುವುದಿಲ್ಲ. ಹುಡುಗಿಯನ್ನು ತಾವು ನೋಡಲೇಬೇಕೆಂದಿಲ್ಲ, ಆದರೆ ಮುಚ್ಚಳಿಕೆಯ ನಕಲು ಕಣ್ಣಿಂದ ನೋಡಬೇಕು.

ಅಧಿಕಾರಿಯ ಹೇಳಿಕೆ ಎಂದಾಗ ನನ್ನ ಎದೆ ಒಮ್ಮೆ ಹೊಡೆದುಕೊಂಡಿತು. ನಾಳೆ ಇನ್ನೊಂದು ಮದುವೆ ತಡೆಯಬೇಕಾದರೆ ನಾವು ಅದೇ ಕಚೇರಿಗೆ ಫೋನ್ ಮಾಡಬೇಕು. ಸಂಸ್ಥೆಯೊಳಗೆ ವಾದ ನಡೆಯಿತು, ಹೇಳದೆ ಇರೋಣ ಎಂದವರೇ ಹೆಚ್ಚು. ಕೊನೆಗೆ ವರದಿಗಾರರು ಕೇಳುವ ಹಿಂದಿನ ದಿನ ನಾನೇ ಆ ಅಧಿಕಾರಿಯ ಹತ್ತಿರ ಹೋಗಿ, ಹೀಗೊಂದು ವರದಿ ಬರುವುದಿದೆ, ನಿಮ್ಮ ಮಾತು ಕೇಳುತ್ತಾರೆ ಎಂದೆ. ಅನುಮತಿ ಕೇಳಲಿಲ್ಲ. 'ನಮ್ಮ ಮ್ಯಾಲನೇ ಹಾಕಸ್ತೀರೇನ್ರಿ?' ಎಂದು ಮುಖ ಗಂಟು ಹಾಕಿದರು. ಆಮೇಲೆ, ಇಡೀ ತಾಲೂಕಿಗೆ ಎಷ್ಟು ಜನ ಅಂಗನವಾಡಿ ಮೇಲ್ವಿಚಾರಕಿಯರು, ವಾಹನ ಎಷ್ಟು ದಿನ ಸಿಗುತ್ತದೆ, ಮುಚ್ಚಳಿಕೆ ಬರೆಸಿದ ಮನೆಗೆ ಮತ್ತೆ ಯಾರು ಹೋಗಬೇಕು ಎಂಬುದೇ ಹೇಗೆ ಗೊಂದಲ ಎಂದು ಅರ್ಧ ತಾಸು ಹೇಳಿದರು. ವರದಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬಂದ ಭಾಗ ಅದೇ.

ರಾತ್ರಿ 9.20

ವರದಿಯ ದಿನ ರಾತ್ರಿ 10ರ ತನಕ ಫೋನ್ ಎತ್ತುತ್ತೇನೆ ಎಂದು ಹೇಳಿದ್ದೆ. ಪಠ್ಯವನ್ನು ಯೂನಿಕೋಡ್‌ನಲ್ಲಿ ಕಳಿಸಿದ್ದೆ. ಹಿಂದೊಮ್ಮೆ ನುಡಿಯಲ್ಲಿ ಕಳಿಸಿದ ಪ್ರಕಟಣೆಯಲ್ಲಿ ಒತ್ತಕ್ಷರಗಳೆಲ್ಲ ಒಡೆದು, ಡೆಸ್ಕಿನವರು ಊಹೆಯ ಮೇಲೆ ತುಂಬಿಕೊಂಡದ್ದು ನೆನಪಿತ್ತು. ಪ್ಯಾರಾಗಳನ್ನು ವರದಿಗಾರರು 7ಕ್ಕೆ ಓದಿ ಹೇಳಿದರು. 'ಗಡಿಯಾಚೆಯ ಗುಡಿ' ಎಂಬಲ್ಲಿ ಗುಡಿ ತೆಗೆಯಿರಿ ಎಂದೆ, ತೆಗೆದರು. ವರದಿಯ ತಲೆಗೆ ಡೆಸ್ಕಿಗಾಗಿ ಒಂದು ಸೂಚನೆಯನ್ನೂ ಅವರು ಬರೆದಿದ್ದರು: ಊರು, ತಾಲೂಕು, ಶಾಲೆ ಸೇರಿಸಬೇಡಿ, ಬಾಲನ್ಯಾಯ ಸೆಕ್ಷನ್ 74, ಪೋಕ್ಸೊ ಸೆಕ್ಷನ್ 23 ಅನ್ವಯ.

9.20ಕ್ಕೆ ಡೆಸ್ಕಿನಿಂದ ಫೋನ್. ಪುಟ ಬೋಳಾಗಿದೆ, ಫೋಟೊ ಬೇಕು, ಹುಡುಗಿ ಬೆನ್ನು ತಿರುಗಿಸಿ ನಿಂತಿರುವುದಾದರೂ ಇದೆಯೇ? ಜಡೆ, ಲಂಗ, ನಿಂತ ಜಾಗ ಇಷ್ಟರಿಂದ ಊರವರಿಗೆ ಗುರುತು ಹತ್ತುತ್ತದೆ. ನಮ್ಮ ಹತ್ತಿರ ಮೊದಲೇ ತೆಗೆದಿಟ್ಟ ಒಂದು ಚಿತ್ರ ಇತ್ತು: ಹೆಸರು, ಸಹಿಯ ಜಾಗಕ್ಕೆ ಬಿಳಿ ಕಾಗದ ಇಟ್ಟು ತೆಗೆದ ಮುಚ್ಚಳಿಕೆಯ ಹಾಳೆ. ಕಳಿಸಿದೆ. ಅದು ಇಲ್ಲದಿದ್ದರೆ ಆ ಹೊತ್ತಿಗೆ ಇಂಟರ್ನೆಟ್ಟಿನಿಂದ ಎಲ್ಲಿಯದೋ ಅಳುವ ಹುಡುಗಿಯ ಚಿತ್ರ ಬರುತ್ತಿತ್ತು.

ವರದಿ ಒಳಪುಟದಲ್ಲಿ ಬಂತು, ನಾವಂದುಕೊಂಡದ್ದಕ್ಕಿಂತ ಸಣ್ಣದು. ತಲೆಬರಹದಲ್ಲಿ 'ಬಾಲವಧುವಿನ ಕಣ್ಣೀರು' ಎಂದಿತ್ತು. ಅದನ್ನು ಓದಿದ ಹುಡುಗಿ ಕೇಳಿದಳು, 'ನಾ ಯಾವಾಗ ಅತ್ತೀನಿ ಅಕ್ಕಾ?' ನಿಜಕ್ಕೂ ನಮ್ಮೆದುರು ಅವಳು ಒಮ್ಮೆಯೂ ಅತ್ತಿರಲಿಲ್ಲ. ಅವಳ ಮಾತಿಗೆ ನಾನು ನಕ್ಕೆ, ಅವಳು ನಗಲಿಲ್ಲ.

ಅಚ್ಚಿನ ಪತ್ರಿಕೆಯಲ್ಲಿ ತಾಲೂಕಿನ ಹೆಸರಿರಲಿಲ್ಲ. ಬೆಳಿಗ್ಗೆ 8ಕ್ಕೆ ಜಾಲತಾಣದಲ್ಲಿ ನೋಡಿದರೆ ವರದಿಯ ತಲೆಯಲ್ಲೇ ಇತ್ತು. ಜಾಲತಾಣದ ಡೆಸ್ಕು ಬೇರೆ ಊರಿನಲ್ಲಿ, ಅಲ್ಲಿಯವರಿಗೆ ಆ ಸೂಚನೆ ತಲುಪಿಯೇ ಇರಲಿಲ್ಲ. ವರದಿಗಾರರಿಗೆ ಫೋನ್ ಮಾಡಿದೆ, ಒಂದು ತಾಸಿನಲ್ಲಿ ತೆಗೆಸಿದರು. ಆ ಒಂದು ತಾಸಿನಲ್ಲಿ ನಾಲ್ಕು ಗ್ರೂಪುಗಳಲ್ಲಿ ಸ್ಕ್ರೀನ್‌ಶಾಟ್ ಓಡಾಡಿತ್ತು. ತಾಲೂಕಿನಲ್ಲಿ ಹಳ್ಳಿಗಳು ಬಹಳ ಇರುವುದರಿಂದ ಯಾರೂ ಬಾಗಿಲು ಹುಡುಕಿಕೊಂಡು ಹೋಗಲಿಲ್ಲ. ಅದು ನಮ್ಮ ಜಾಣತನವಲ್ಲ, ಅದೃಷ್ಟ.

ಆ ಬೇಸಿಗೆಯಲ್ಲಿ ಮುಚ್ಚಳಿಕೆ ಬರೆಸಿದ ಕೆಲವು ಮನೆಗಳಿಗೆ ಮೇಲ್ವಿಚಾರಕಿಯರು ಹದಿನೈದು ದಿನಕ್ಕೆ ಮತ್ತೆ ಹೋದರು. ಎಲ್ಲ ಮನೆಗಳಿಗೂ ಅಲ್ಲ. ಅಂಗನವಾಡಿ ಕಾರ್ಯಕರ್ತೆ ನನ್ನ ಜೊತೆ ಈಗ ಮಾತಾಡುತ್ತಾಳೆ, ಚಹಾ ಮಾತ್ರ ಕೊಡುವುದಿಲ್ಲ.

ಯೂಟ್ಯೂಬಿನ ಆ ಒಂದೂಮುಕ್ಕಾಲು ನಿಮಿಷ ಹಾಗೇ ಇದೆ. ಚಾನೆಲ್ಲಿನ ಹುಡುಗನಿಗೆ ಎರಡು ಸಲ ಹೇಳಿದೆವು. 'ಹಳೀದಾತಲ್ರಿ ಮೇಡಂ, ಈಗ ಯಾರ್ ನೋಡ್ತಾರ' ಎಂದ. ಗೌಪ್ಯತೆಯ ದೂರು ಕೊಡಲು ಯೂಟ್ಯೂಬಿನಲ್ಲೇ ಅರ್ಜಿ ಇದೆ. ವಿಡಿಯೊದಲ್ಲಿ ಕಾಣುವವರು ಕೊಡಬೇಕು, ಇಲ್ಲವೇ ಅವರ ಪರವಾಗಿ ಮಾತಾಡುವ ಹಕ್ಕಿರುವವರು. ಆಯಿಗೆ ಓದು ಬರಹ ಬಾರದು. ಅರ್ಜಿ ತುಂಬಲು ಮೊಬೈಲು ತೆಗೆದು ಹುಡುಗಿಯ ತಾಯಿಯ ಪಕ್ಕ ಕೂತೆ, ಮೊದಲ ಖಾನೆ ಪೂರ್ತಿ ಹೆಸರು ಎಂದಿತ್ತು. ಅವರು ಪರದೆಯನ್ನೂ ನನ್ನನ್ನೂ ಒಮ್ಮೆ ನೋಡಿದರು.

'ಮತ್ತ ನಮ್ಮ ಹೆಸರs ಬರೀಬೇಕೇನ್ರಿ ಅಕ್ಕಾರ?'

ಮೊಬೈಲು ಆಫ್ ಮಾಡಿ ಇಟ್ಟೆ. ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ.